ಹೊಸ ರಿಂಗು, ಹಳೇ ಮ್ಯಾಸಿ, ತಿಪ್ಪೆ ಗೊಬ್ಬರ

ಎಂಜಿನ್ ಕೆಲಸ ಮುಗಿಸಿ ಟ್ರ್ಯಾಕ್ಟರ್ ಊರಿಗೆ ಬಂತು ಅಂದ್ರೆ ಕಟ್ಟೆ ಮೇಲೆ ಕೂತವರೆಲ್ಲ ಮೆಕ್ಯಾನಿಕ್ ಆಗಿಬಿಡುತ್ತಾರೆ. "ಎರಡು ದಿನ ಸ್ಲೋದಲ್ಲೇ ಬಿಟ್ಟಿರು, ಫ್ರೀ ಆಗ್ಲಿ" ಅನ್ನುವವರು ಒಬ್ಬರು. ಸ್ಲೋ ಅಂದರೆ ಗಾಡಿ ನಿಂತಲ್ಲೇ ಎಂಜಿನ್ ಮೆಲ್ಲಗೆ ತಿರುಗುತ್ತಿರುವುದು. "ಮೊದಲ್ನೇ ದಿನಾನೇ ಪಲ್ಟಿ ನೇಗಿಲು ಹಾಕಿ ಹೊಡಿ, ತಾನೇ ಬಗ್ಗುತ್ತೆ" ಅನ್ನುವವರು ಇನ್ನೊಬ್ಬರು. "ಒಂದು ಸೀಸನ್ ಬರೀ ರೋಡಿಗೆ ಇಟ್ಕೊಳಪ, ಹೊಲಕ್ಕೆ ಇಳಿಸಬ್ಯಾಡ" ಅಂತ ನಮ್ಮ ಚಿಕ್ಕಪ್ಪ. ಮೂವರೂ ತಮ್ಮ ತಮ್ಮ ಟ್ರ್ಯಾಕ್ಟರ್ ಹಾಗೇ ಓಡಿಸಿದವರು. ಮೂವರ ಗಾಡಿಯೂ ಓಡುತ್ತಿದೆ. ಆದರೆ ಸ್ಲೋದಲ್ಲಿ ಬಿಡು ಎಂದವರ ಗಾಡಿ ಎಂಜಿನ್ ಕಟ್ಟಿಸಿದ ವರ್ಷದಿಂದಲೇ ಆಯಿಲ್ ತಿನ್ನುತ್ತಿದೆ. ಅದನ್ನು ನೋಡಿದ್ದರಿಂದಲೇ ನಾನು ಹೊಸದಾಗಿ ಕಟ್ಟಿಸಿದ ಎಂಜಿನ್ ಪಳಗಿಸುವ ವಿಷಯದಲ್ಲಿ ಸ್ವಲ್ಪ ಜಾಸ್ತಿ ತಲೆ ಕೆಡಿಸಿಕೊಂಡೆ.

ನಮ್ಮದು ಮ್ಯಾಸಿ 1035. ಅಪ್ಪ ಸೆಕೆಂಡ್ ಹ್ಯಾಂಡ್ ತಂದದ್ದು, 80ರ ದಶಕದ ಗಾಡಿ. ಮೂರು ಸಿಲಿಂಡರಿನ ಸಿಂಪ್ಸನ್ ಎಂಜಿನ್. ಈ ಗಾಡಿಯ ಮೂಲ ಇಂಗ್ಲೆಂಡಿನ ಮ್ಯಾಸಿ ಫರ್ಗುಸನ್ 35. ಮ್ಯಾಸಿ ಫರ್ಗುಸನ್ ಕಂಪನಿ 1959ರಲ್ಲಿ ಪರ್ಕಿನ್ಸ್ ಎಂಬ ಡೀಸೆಲ್ ಎಂಜಿನ್ ಕಂಪನಿಯನ್ನು ಕೊಂಡುಕೊಂಡಿತು. ನಮ್ಮ ಸಿಂಪ್ಸನ್ ಎಂಜಿನ್ ಅದೇ ಪರ್ಕಿನ್ಸ್ ನಮೂನೆಯದು. ಮುಂದಿನ ವರ್ಷ, 1960ರಲ್ಲಿ, ಮದ್ರಾಸಿನಲ್ಲಿ ಮ್ಯಾಸಿ ಗಾಡಿಗಳನ್ನು ಇಲ್ಲೇ ಮಾಡುವ ಟ್ಯಾಫೆ ಕಂಪನಿ ಶುರುವಾಯಿತು. ಹಾಗಾಗಿ ನಮ್ಮ ಕಡೆಯ ಹಳೇ ಮೇಸ್ತ್ರಿಗಳು ಇವತ್ತಿಗೂ ಇದನ್ನು ಕಣ್ಣು ಮುಚ್ಚಿ ಬಿಚ್ಚಿ ಜೋಡಿಸುತ್ತಾರೆ. ಸಾಮಾನು ಕೂಡ ಯಾವ ಪೇಟೆಯಲ್ಲಾದರೂ ಸಿಗುತ್ತದೆ. ಹಳೇ ಟ್ರ್ಯಾಕ್ಟರ್ ಇಟ್ಟುಕೊಳ್ಳುವವನಿಗೆ ಇದಕ್ಕಿಂತ ದೊಡ್ಡ ಅನುಕೂಲ ಇಲ್ಲ.

ಎಂಜಿನ್ ಯಾಕೆ ಬಿಚ್ಚಬೇಕಾಯಿತು ಅನ್ನುವುದು ಎಲ್ಲರ ಮನೆಯ ಕಥೆಯೇ. ಎಂಜಿನ್ನಿನ ಒಳಗಿನ ಗಾಳಿ ಹೊರಬಿಡುವ ಬ್ರೀದರ್ ಪೈಪಿನಲ್ಲಿ ಬುಸುಬುಸು ಹೊಗೆ. ಎರಡು ದಿನಕ್ಕೊಮ್ಮೆ ಆಯಿಲ್ ಹಾಕುವುದು. ಚಳಿಗಾಲದ ಬೆಳಿಗ್ಗೆ ಸೆಲ್ಫ್ ಹೊಡೆದು ಹೊಡೆದು ಬ್ಯಾಟರಿ ಇಳಿದು, ಕೊನೆಗೆ ಇಳಿಜಾರಿಗೆ ತಳ್ಳುವುದು. ಹೆಡ್ ತೆಗೆದಾಗ ಪಿಸ್ಟನ್ ಓಡಾಡುವ ಕೊಳವೆ, ಅಂದರೆ ಲೈನರಿನ ಮೇಲ್ಭಾಗದಲ್ಲಿ, ಪಿಸ್ಟನ್ನಿಗೆ ಸುತ್ತಿದ ರಿಂಗ್ ಬಂದು ವಾಪಸ್ ತಿರುಗುವ ಜಾಗದಲ್ಲಿ, ಉಗುರು ಸಿಕ್ಕಿಕೊಳ್ಳುವಷ್ಟು ಮೆಟ್ಟಿಲು ಬಿದ್ದಿತ್ತು. "ಇದು ಬರೀ ರಿಂಗ್ ಹಾಕಿದ್ರೆ ಆಗಲ್ಲ ತಮ್ಮಾ, ಫುಲ್ ಎಂಜಿನ್" ಎಂದರು ಮೇಸ್ತ್ರಿ. ಮೂರೂ ಲೈನರ್, ಪಿಸ್ಟನ್, ರಿಂಗ್, ಪಿನ್ ಹೊಸದು. ಕ್ರ್ಯಾಂಕ್ ಉಜ್ಜಿಸಿ, ಅದು ಸಣ್ಣದಾದಷ್ಟಕ್ಕೆ ತಕ್ಕ 20 ಸೈಜ್ ಬೇರಿಂಗ್. ಹೆಡ್ ಲೆವೆಲ್, ವಾಲ್ವ್ ಗೈಡ್, ಆಯಿಲ್ ಪಂಪ್. ಎಲ್ಲ ಸೇರಿ 60 ಸಾವಿರದ ಹತ್ತಿರ ಹೋಯಿತು. ಅಷ್ಟು ದುಡ್ಡು ಹಾಕಿದ ಮೇಲೆ ಮೊದಲ 50 ಗಂಟೆ ಕಟ್ಟೆ ಮೇಲಿನ ಮಾತು ಕೇಳಿ ಓಡಿಸಲು ನನಗೆ ಮನಸ್ಸಾಗಲಿಲ್ಲ.

ಲೈನರಿನ ಬೋರ್ ಕೆಲಸ ಹರಿಹರದಲ್ಲಿ. ನಮ್ಮ ಎಂಜಿನ್ನಿಗೆ ಡ್ರೈ ಲೈನರ್. ಅಂದರೆ ನೀರು ನೇರವಾಗಿ ಲೈನರಿಗೆ ತಾಗುವುದಿಲ್ಲ. ಬ್ಲಾಕಿನೊಳಗೆ ಬಿಗಿಯಾಗಿ ಒತ್ತಿ ಕೂರಿಸಿ, ಆಮೇಲೆ ಜಾಗದಲ್ಲೇ ಬೋರ್ ಹೊಡೆದು, ಕೊನೆಗೆ ಕಲ್ಲಿನಿಂದ ಒಳಗೋಡೆ ಉಜ್ಜಿ ಹೋನಿಂಗ್ ಮಾಡುತ್ತಾರೆ. ಆ ಅಂಗಡಿಯ ಮೂಲೆಯಲ್ಲಿ ಮೈಸೂರು ಕಿರ್ಲೋಸ್ಕರ್ ಲೇತ್ ಒಂದಿದೆ. ಅದೇ ಊರಿನ ಫ್ಯಾಕ್ಟರಿಯಲ್ಲಿ ಹುಟ್ಟಿದ್ದು. ಫ್ಯಾಕ್ಟರಿ ಮುಚ್ಚಿ ಎಷ್ಟೋ ವರ್ಷವಾಯಿತು, ಲೇತ್ ಇನ್ನೂ ತಿರುಗುತ್ತಿದೆ. ಸುತ್ತಮುತ್ತ ನಾಲ್ಕಾರು ತಾಲೂಕಿನ ರೈತರು ಬೋರ್ ಕೆಲಸಕ್ಕೆ ಹರಿಹರಕ್ಕೇ ಹೋಗುವುದರಲ್ಲಿ ಆ ಫ್ಯಾಕ್ಟರಿಯ ಪಾಲೂ ಇದೆ ಅಂತ ನನ್ನ ಲೆಕ್ಕ. ಅಲ್ಲಿ ಕೆಲಸ ಕಲಿತ ಕೈಗಳು, ಅವರ ಹತ್ತಿರ ಕಲಿತ ಕೈಗಳು.

ಹೋನಿಂಗ್ ಆದ ಲೈನರ್ ಒಳಗೆ ಟಾರ್ಚ್ ಬಿಟ್ಟು ನೋಡಿದರೆ ನಾವು ಅಂದುಕೊಂಡಷ್ಟು ನುಣುಪು ಇರುವುದಿಲ್ಲ. ಅಡ್ಡಡ್ಡ, ಒಂದನ್ನೊಂದು ಕತ್ತರಿಸುವ ಸಣ್ಣ ಗೀರುಗಳು. ಬೇಕಂತಲೇ ಬಿಟ್ಟ ಗೀರು ಅವು. ಆ ಗೀರುಗಳ ತಗ್ಗಿನಲ್ಲಿ ಆಯಿಲ್ ನಿಲ್ಲುತ್ತದೆ. ಅವುಗಳ ಏಣು ಹೊಸ ರಿಂಗಿನ ಅಂಚನ್ನು ಉಜ್ಜುತ್ತದೆ, ರಿಂಗು ಆ ಏಣನ್ನು ಉಜ್ಜುತ್ತದೆ. ಎರಡೂ ಸವೆದು ಒಂದಕ್ಕೊಂದು ಹೊಂದಿಕೊಂಡಾಗಲೇ ರಿಂಗ್ ಸೆಟ್ ಆಯಿತು ಅನ್ನುವುದು. ಹೊಸ ಬೀಸುಕಲ್ಲಿಗೆ ಮೊದಲು ಒಂದಿಷ್ಟು ಕಾಳು ಹಾಕಿ ಬೀಸಿ ಆ ಹಿಟ್ಟು ಎಸೆಯುತ್ತಾರಲ್ಲ, ಅದೇ ಕೆಲಸ. ಇಲ್ಲಿ ಮಾತ್ರ ಎಸೆಯುವ ಹಿಟ್ಟು ಕಬ್ಬಿಣದ ಪುಡಿ, ಅದು ಹೋಗಿ ಬೀಳುವುದು ಎಂಜಿನ್ ತಳದ ಚೇಂಬರಿನ ಆಯಿಲ್‌ಗೆ.

ಎಂಜಿನ್ ಪಳಗಿಸುವ ಕೆಲಸ ಸೆಲ್ಫ್ ಹೊಡೆದ ಮೇಲೆ ಶುರುವಾಗುತ್ತದೆ ಅಂತ ಎಲ್ಲರೂ ತಿಳಿದಿದ್ದಾರೆ. ನನಗೆ ಕಂಡ ಹಾಗೆ ಅದು ಶುರುವಾದದ್ದು ಒಂದು ಬಕೆಟ್ ಸೋಪಿನ ನೀರಿನಲ್ಲಿ. ಲೇತ್ ಅಂಗಡಿಯಿಂದ ಬ್ಲಾಕ್ ತಂದಾಗ ಮೇಸ್ತ್ರಿಯ ಹುಡುಗ ಡೀಸೆಲ್ ಹಾಕಿ ಲೈನರ್ ತೊಳೆದ. ನೋಡೋಕೆ ಫಳಫಳ. ಮೇಸ್ತ್ರಿ ಒಂದು ಬಿಳೀ ಪಂಚೆಯ ತುಂಡು ಕೇಳಿದರು. ಅದಕ್ಕೆ ಒಂದೆರಡು ಹನಿ ಎಂಜಿನ್ ಆಯಿಲ್ ಬಿಟ್ಟು ಲೈನರಿನೊಳಗೆ ಒಂದು ಸುತ್ತು ಒರೆಸಿ ನನ್ನ ಕೈಗೆ ಕೊಟ್ಟರು. ಬಟ್ಟೆ ಬೂದಿ ಬಣ್ಣ. ಬೆರಳಲ್ಲಿ ಉಜ್ಜಿದರೆ ಹೋನಿಂಗ್ ಕಲ್ಲಿನ ಪುಡಿ ಸಣ್ಣಗೆ ಕರಕರ ಅನ್ನುತ್ತದೆ.

"ಡೀಸೆಲ್ ಹಾಕಿದ್ರೆ ಈ ಪುಡಿ ಗೀರಿನೊಳಗೆ ಹೋಗಿ ಕುಂತ್ಕಂತತೆ. ಇದು ಒಳಗುಳಿದ್ರೆ ರಿಂಗ್ ಸೆಟ್ ಆಗೋದಲ್ಲ, ಸವೆದೇ ಹೋಗತ್ತೆ" ಎಂದರು.

ಬಟ್ಟೆ ಒಗೆಯುವ ಪುಡಿ, ಬಿಸಿ ನೀರು, ಪ್ಲಾಸ್ಟಿಕ್ ಬ್ರಷ್. ಗೀರಿನ ಓರೆಗೆ ತಕ್ಕಂತೆ ಬ್ರಷ್ ತಿರುಗಿಸಿ ತಿರುಗಿಸಿ ಉಜ್ಜಿದೆವು. ತೊಳೆದು ಒರೆಸಿ ಮತ್ತೆ ಬಿಳೀ ಬಟ್ಟೆ. ಇನ್ನೂ ತಿಳಿ ಬೂದಿ. ಮತ್ತೆ ಸೋಪು. ಬಟ್ಟೆ ಹಾಕಿದ ಹಾಗೇ ಬಿಳಿಯಾಗಿ ಹೊರಗೆ ಬರುವ ತನಕ ಬಿಡಲಿಲ್ಲ. ಆಯಿಲ್ ದಾರಿಗಳಿಗೆಲ್ಲ ಗಾಳಿ ಹೊಡೆದದ್ದೂ ಆಗಲೇ. ಒಣಗಿದ ತಕ್ಷಣ ಲೈನರಿಗೆ ಆಯಿಲ್ ಸವರಿಬಿಡಬೇಕು. ಸ್ವಲ್ಪ ಹೊತ್ತು ಹಾಗೇ ಬಿಟ್ಟರೂ ಕೆಂಪು ತುಕ್ಕು ಏರುತ್ತದೆ, ಬರೀ ಕಬ್ಬಿಣ ತಾನೆ. ಯಾರಾದರೂ ಎಂಜಿನ್ ಕಟ್ಟಿಸುತ್ತಿದ್ದರೆ ನಾನು ಹೇಳುವುದು ಒಂದೇ: ಜೋಡಿಸುವ ದಿನ ಹೋಗಿ ಎದುರಿಗೆ ನಿಂತುಕೊಳ್ಳಿ, ಕೈಯಲ್ಲಿ ಒಂದು ಬಿಳೀ ಬಟ್ಟೆ ಹಿಡಿದುಕೊಳ್ಳಿ.

ರಿಂಗ್ ಗ್ಯಾಪ್ ನೋಡಿದ್ದು, ಬೇರಿಂಗಿಗೆ ಆಯಿಲ್ ಬಿಟ್ಟು ಕೂರಿಸಿದ್ದು, ಹೆಡ್ ನಟ್ಟುಗಳನ್ನು ಮಧ್ಯದಿಂದ ಶುರು ಮಾಡಿ ಹೊರಗಡೆಗೆ, ಒಂದೇ ಸಲಕ್ಕೆ ಬಿಗಿ ಮಾಡದೆ ಹಂತ ಹಂತವಾಗಿ ಎಳೆದದ್ದು, ಇವೆಲ್ಲ ಮೇಸ್ತ್ರಿಯ ಕೆಲಸ, ನನಗಿಂತ ಅವರಿಗೆ ಚೆನ್ನಾಗಿ ಗೊತ್ತು. ನಾನು ಹಟ ಹಿಡಿದದ್ದು ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ನೋಜಲ್ ವಿಷಯಕ್ಕೆ. ಪಂಪಿನ ಅಂಗಡಿಗೆ ಕೊಟ್ಟು ಮೂರೂ ನೋಜಲ್ ಟೆಸ್ಟ್ ಮಾಡಿಸಿದೆ. ಒಂದು ಸರಿಯಾಗಿ ಚಿಮ್ಮದೆ ತೊಟ್ಟಿಕ್ಕುತ್ತಿತ್ತು. ಹೊಸ ಲೈನರಿನ ಮೇಲೆ ಹಸಿ ಡೀಸೆಲ್ ಬಿದ್ದರೆ ಅಲ್ಲಿರುವ ಆಯಿಲ್ ತೊಳೆದು ಹೋಗುತ್ತದೆ. ಆ ಸಿಲಿಂಡರ್ ಒಣ ಒಣ ಉಜ್ಜುತ್ತದೆ. ಎಂಜಿನ್ನಿಗೆ ಇಷ್ಟು ಸುರಿದು ನೋಜಲ್ ಹಳೇದೇ ಹಾಕಿದರೆ ಅದೇನು ಉಳಿತಾಯ?

ಆಯಿಲ್ ವಿಷಯದಲ್ಲೂ ಅಂಗಡಿಯವನು ದುಬಾರಿ ಸಿಂಥೆಟಿಕ್ ತೋರಿಸಿದ. ಬೇಡ ಎಂದೆ. ಮೊದಲ ಸಲಕ್ಕೆ ಸಾದಾ ಮಿನರಲ್ ಆಯಿಲ್ಲೇ ಸರಿ. ರಿಂಗು ಲೈನರು ಸ್ವಲ್ಪ ಉಜ್ಜಿಕೊಳ್ಳಲಿ ಅಂತಲೇ ನಾವು ಕಾಯುತ್ತಿರುವುದು. ಉಜ್ಜದ ಹಾಗೆ ಕಾಪಾಡುವ ಆಯಿಲ್ ಆಗ ಯಾಕೆ? ಟ್ರ್ಯಾಕ್ಟರಿಗೆ ಎಲ್ಲರೂ ಹಾಕುವ 20ಡಬ್ಲ್ಯೂ-40 ಡೀಸೆಲ್ ಎಂಜಿನ್ ಆಯಿಲ್ ತಂದೆ. ಫಿಲ್ಟರ್ ಬಟ್ಟಲಿಗೂ ಮೊದಲೇ ಆಯಿಲ್ ತುಂಬಿ ಹಾಕಿದೆವು. ರೇಡಿಯೇಟರಿಗೆ ಬೋರ್‌ವೆಲ್ಲಿನ ಗಡಸು ನೀರು ಬೇಡ ಅಂತ, ಮಳೆ ನೀರು ಹಿಡಿದಿಟ್ಟದ್ದಕ್ಕೆ ಕೂಲಂಟ್ ಬೆರೆಸಿ ಹಾಕಿದೆ.

ಬ್ಯಾಟರಿ ಕೂಡ ಹೊಸದು ತಂದೆ. ಎಂಜಿನ್ ಪಳಗಿಸುವುದಕ್ಕೂ ಬ್ಯಾಟರಿಗೂ ಏನು ಸಂಬಂಧ ಅಂತ ಚಿಕ್ಕಪ್ಪ ನಕ್ಕರು. ಸಂಬಂಧ ಇದೆ. ನಮ್ಮೂರಲ್ಲಿ ಟ್ರ್ಯಾಕ್ಟರ್ ಗಂಟೆಗಟ್ಟಲೆ ಸುಮ್ನೆ ಸ್ಲೋದಲ್ಲಿ ನಿಂತಿರುವುದಕ್ಕೆ ಅರ್ಧ ಕಾರಣ ಬ್ಯಾಟರಿ. ಆಫ್ ಮಾಡಿದರೆ ಮತ್ತೆ ಸ್ಟಾರ್ಟ್ ಆಗುತ್ತೋ ಇಲ್ಲವೋ ಎಂಬ ಹೆದರಿಕೆಗೆ ಟೀ ಕುಡಿಯುವಾಗಲೂ ಬಡಬಡ ಅನ್ನುತ್ತಲೇ ಇರುತ್ತದೆ. ಹೊಸ ರಿಂಗಿಗೆ ಅದರಷ್ಟು ಕೆಟ್ಟದ್ದು ಇನ್ನೊಂದಿಲ್ಲ.

ಯಾಕೆ ಕೆಟ್ಟದ್ದು ಅಂದರೆ, ರಿಂಗ್ ಲೈನರಿಗೆ ಒತ್ತಿಕೊಳ್ಳುವುದು ಬರೀ ತನ್ನ ಸ್ಪ್ರಿಂಗ್ ಬಲದಿಂದ ಅಂತ ಅಂದುಕೊಳ್ಳುತ್ತೇವೆ. ಆ ಬಲ ಕಡಿಮೆ. ಡೀಸೆಲ್ ಉರಿದಾಗ ಏಳುವ ಒತ್ತಡ ರಿಂಗಿನ ಹಿಂದೆ ನುಗ್ಗಿ ಅದನ್ನು ಹೊರಗೆ, ಲೈನರಿನ ಕಡೆಗೆ ದೂಡುತ್ತದೆ. ಎಂಜಿನ್ ಮೇಲೆ ಲೋಡ್ ಬಿದ್ದಷ್ಟೂ ಜಾಸ್ತಿ ಡೀಸೆಲ್, ಜಾಸ್ತಿ ಒತ್ತಡ, ರಿಂಗ್ ಗಟ್ಟಿಯಾಗಿ ಒತ್ತುತ್ತದೆ, ಗೀರಿನ ಏಣು ಸವೆಯುತ್ತದೆ. ಸ್ಲೋದಲ್ಲಿ ಬಿಟ್ಟರೆ ಆ ಒತ್ತಡ ತೀರಾ ಕಡಿಮೆ. ರಿಂಗ್ ಆಯಿಲ್ ಮೇಲೆ ಜಾರಿಕೊಂಡು ಓಡಾಡುತ್ತದೆ ಅಷ್ಟೇ. ಸಂದಿಯಿಂದ ಬಿಸಿ ಹೊಗೆ ಕೆಳಗಿಳಿದು ಲೈನರ್ ಮೇಲಿನ ಆಯಿಲನ್ನು ಸುಡುತ್ತದೆ. ಸುಟ್ಟ ಆಯಿಲ್ ಆ ಗೀರುಗಳಲ್ಲಿ ತುಂಬಿ ಗಟ್ಟಿಯಾಗಿ ವಾರ್ನಿಶ್ ಬಳಿದ ಹಾಗಾಗುತ್ತದೆ. ಮೇಸ್ತ್ರಿಗಳು ಇದಕ್ಕೆ ಗ್ಲೇಜ್ ಅನ್ನುತ್ತಾರೆ. ಒಮ್ಮೆ ಗ್ಲೇಜ್ ಆಯಿತೋ, ಆಮೇಲೆ ಎಷ್ಟು ಲೋಡ್ ಹಾಕಿದರೂ ರಿಂಗ್ ಕೂರುವುದು ಕಷ್ಟ. ಬಿಚ್ಚಿ ಮತ್ತೆ ಹೋನಿಂಗ್ ಹೊಡೆಯಬೇಕು. ಇದರ ಜೊತೆ ತಣ್ಣಗಿನ ಎಂಜಿನ್ನಿನಲ್ಲಿ ಪೂರ್ತಿ ಉರಿಯದ ಡೀಸೆಲ್ ಬೇರೆ. ಅರ್ಧ ಸೈಲೆನ್ಸರ್ ಕಡೆ ಹೋಗಿ ಜಾಯಿಂಟಿನಲ್ಲಿ ಕಪ್ಪಗೆ ಜಿನುಗುತ್ತದೆ, ಅರ್ಧ ಕೆಳಗಿಳಿದು ಆಯಿಲ್ ತೆಳು ಮಾಡುತ್ತದೆ.

ಹಾಗಂತ ಮೊದಲ ದಿನವೇ ಎರೆ ಹೊಲದಲ್ಲಿ ಪಲ್ಟಿ ಹೂಡಿದರೆ? ಅದೂ ತಪ್ಪು. ಗೀರಿನ ಏಣು ಇನ್ನೂ ಹರಿತವಾಗಿರುವಾಗ ಉಜ್ಜಾಟದ ಬಿಸಿ ಜಾಸ್ತಿ. ಕಡಿಮೆ ರೇಸಿನಲ್ಲಿ ಭಾರ ಎಳೆದು ಎಂಜಿನ್ ತಿಣುಕಿದರೆ ಆಯಿಲ್ ಪದರ ಹರಿದು ರಿಂಗ್ ಲೈನರನ್ನು ಗೀಚಿಬಿಡುತ್ತದೆ. ಹೊಸ ಬೇರಿಂಗಿಗೂ ಆ ಹೊಡೆತ ಒಳ್ಳೆಯದಲ್ಲ. ಬೇಕಾದದ್ದು ಮಧ್ಯಮ ಲೋಡ್, ಒಳ್ಳೇ ರೇಸ್, ನಡುನಡುವೆ ಬಿಡುವು.

ಸ್ಟಾರ್ಟ್ ಮಾಡುವ ದಿನ ಮೊದಲು ಸ್ಟಾಪ್ ನಾಬ್ ಎಳೆದು ಹಿಡಿದೆವು. ಡೀಸೆಲ್ ಹೋಗಬಾರದು, ಬರೀ ಎಂಜಿನ್ ತಿರುಗಬೇಕು. ಸ್ವಲ್ಪ ಸೆಲ್ಫ್, ಸ್ವಲ್ಪ ಬಿಡುವು, ಮತ್ತೆ ಸೆಲ್ಫ್. ಆಯಿಲ್ ಮೀಟರಿನ ಮುಳ್ಳು ಅಲ್ಲಾಡಿದ ಮೇಲೇ ಡೀಸೆಲ್ ಕಡೆ ಹೋದದ್ದು. ಫಿಲ್ಟರಿನ ಹತ್ತಿರ, ಆಮೇಲೆ ಪಂಪಿನ ಹತ್ತಿರ, ಕೊನೆಗೆ ನೋಜಲ್ ಪೈಪಿನ ನಟ್ಟು ಸಡಿಲಿಸಿ ಏರ್ ತೆಗೆದರು. ಗುಳ್ಳೆ ನಿಂತು ಡೀಸೆಲ್ ಚಿಮ್ಮಿತು. ನಟ್ಟು ಬಿಗಿ ಮಾಡಿ ಸೆಲ್ಫ್ ಹೊಡೆದರೆ ಒಂದು ಸಿಲಿಂಡರ್ ಗುಡುಗಿತು, ಹಿಂದೆಯೇ ಉಳಿದೆರಡು. ಬಿಳೀ ಹೊಗೆ ಒಂದಷ್ಟು ಬಂದು ತಿಳಿಯಾಯಿತು.

ಮೇಸ್ತ್ರಿ ಸ್ಲೋದಲ್ಲಿ ಬಿಡಲಿಲ್ಲ. ಕೈ ಎಕ್ಸಲೇಟರ್ ಅರ್ಧದ ಹತ್ತಿರ ಎಳೆದು ಇಟ್ಟರು. ಹೆಡ್ ಮೇಲೆ ವಾಲ್ವ್ ಒತ್ತುವ ರಾಕರುಗಳ ಕವರ್ ಇನ್ನೂ ಹಾಕಿರಲಿಲ್ಲ. "ಮೇಲೆ ಆಯಿಲ್ ಬರ್ತೈತಾ ನೋಡು" ಎಂದರು. ಬಗ್ಗಿ ನೋಡಿದೆ. ಮೊದಲು ಒಣಗಿದಂತೆ ಇದ್ದ ರಾಕರುಗಳ ತುದಿಯಲ್ಲಿ ಮಿಣುಗು ಕಾಣಿಸಿತು. ಆಮೇಲೆ ಒಂದೊಂದರ ರಂಧ್ರದಿಂದ ಆಯಿಲ್ ಜಿನುಗಿ, ರಾಕರ್ ಬೆನ್ನ ಮೇಲೆ ಹರಿದು, ವಾಲ್ವ್ ಸ್ಪ್ರಿಂಗಿನ ಒಳಗೆ ಇಳಿಯತೊಡಗಿತು. ಹಿಂದಿನ ಎರಡಕ್ಕೆ ಬರುವುದು ತಡವಾಯಿತು, ಅಷ್ಟು ಹೊತ್ತು ಯಾರೂ ಮಾತಾಡಲಿಲ್ಲ. ಈ ಎಂಜಿನ್ನುಗಳಲ್ಲಿ ಮೇಲಕ್ಕೆ ಆಯಿಲ್ ಹೋಗುವ ದಾರಿ ಸಣ್ಣದು. ಜೋಡಿಸುವಾಗ ಎಲ್ಲಾದರೂ ಮುಚ್ಚಿಕೊಂಡರೆ ಆಯಿಲ್ ಮೀಟರ್ ಚೆನ್ನಾಗೇ ತೋರಿಸುತ್ತಿರುತ್ತದೆ, ಮೇಲೆ ರಾಕರ್ ಒಣಗಿ ಸಾಯುತ್ತಿರುತ್ತದೆ. ಎಲ್ಲವೂ ಒದ್ದೆಯಾದದ್ದು ಕಂಡ ಮೇಲೆ ಕವರ್ ಮುಚ್ಚಿದರು.

ನೀರು ಬಿಸಿಯಾಗುವ ತನಕ ಓಡಿಸಿ, ಎಲ್ಲಾದರೂ ಸೋರುತ್ತಿದೆಯಾ ಅಂತ ಕೈ ಆಡಿಸಿ ನೋಡಿ, ಆಫ್ ಮಾಡಿ ಹೆಡ್ ನಟ್ಟು ಮತ್ತೊಮ್ಮೆ ಅದೇ ಕ್ರಮದಲ್ಲಿ ಎಳೆದರು. ಕೆಲವು ನಿಜವಾಗಿಯೂ ಸ್ವಲ್ಪ ತಿರುಗಿದವು. ಬಿಸಿಗೆ ಗ್ಯಾಸ್ಕೆಟ್ ಕೂರುತ್ತದೆ, ನಟ್ಟು ಸಡಿಲಾಗುತ್ತದೆ. ಹೆಡ್ ಎಳೆದ ಮೇಲೆ ಟ್ಯಾಪೆಟ್, ಅಂದರೆ ರಾಕರಿಗೂ ವಾಲ್ವಿಗೂ ನಡುವಿನ ಸಂದಿ, ಮತ್ತೆ ನೋಡಲೇಬೇಕು. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ 12 ಥೌ, ಅಂದರೆ 0.30 ಮಿ.ಮೀ. ಲೆಕ್ಕಕ್ಕೆ ಇಟ್ಟರು.

ಇನ್ನು ಲೋಡ್. ನನ್ನ ಅದೃಷ್ಟಕ್ಕೆ ಅದು ಬೇಸಿಗೆ. ನಮ್ಮ ಕಡೆ ಮುಂಗಾರಿಗೆ ಮೊದಲು ಎಲ್ಲರಿಗೂ ಇರುವ ಕೆಲಸ ಎರಡೇ: ತಿಪ್ಪೆ ಗೊಬ್ಬರ ಹೊಡೆಯುವುದು, ಕೆರೆ ಹೂಳು ಹೊಡೆಯುವುದು. ಯೋಚನೆ ಮಾಡಿದರೆ ಹೊಸ ರಿಂಗಿಗೆ ಇದಕ್ಕಿಂತ ಒಳ್ಳೆ ಕೆಲಸ ಬೇರೆ ಸಿಗುವುದಿಲ್ಲ. ಹೋಗುವಾಗ ಟ್ರೇಲರ್ ತುಂಬಿರುತ್ತದೆ, ಎಂಜಿನ್ ಎಳೆಯುತ್ತದೆ, ರಿಂಗ್ ಒತ್ತುತ್ತದೆ. ಬರುವಾಗ ಖಾಲಿ. ಬಿಸಿ ಇಳಿಯುತ್ತದೆ, ಉಜ್ಜಿದ ಪುಡಿಯನ್ನು ಆಯಿಲ್ ತೊಳೆದುಕೊಂಡು ಹೋಗುತ್ತದೆ. ತುಂಬುವಾಗ, ಸುರಿಯುವಾಗ ಎಂಜಿನ್ ಆಫ್. ಲೋಡು, ಬಿಡುವು, ಲೋಡು, ಬಿಡುವು. ಒಂದೇ ರೇಸಿನಲ್ಲೂ ಇರುವುದಿಲ್ಲ. ಹೊಲದ ದಾರಿಯಲ್ಲಿ ಒಂದು ಗೇರು, ಟಾರ್ ರಸ್ತೆಯಲ್ಲಿ ಇನ್ನೊಂದು.

ಮೊದಲು ಗೊಬ್ಬರ. ಹೂಳಿಗಿಂತ ಹಗುರ. ಅದರಲ್ಲೂ ಆರಂಭದಲ್ಲಿ ಅರ್ಧ ಟ್ರೇಲರ್ ಮಾತ್ರ. ಕೂಲಿಯವರಿಗೆ ಇದು ಹುಚ್ಚಾಟ ಅನ್ನಿಸಿತು. "ಅರ್ಧ ಹೇರ್ಕಂಡು ಹೋಗಿ ಡೀಸೆಲ್ ಸುಡ್ತೀಯಲ್ಲಣ್ಣ" ಎಂದ ಒಬ್ಬ. ದಾರಿಯಲ್ಲಿ ನಾನು ನೋಡುತ್ತಿದ್ದದ್ದು ಸೈಲೆನ್ಸರ್ ಮಾತ್ರ. ಏರಿನಲ್ಲಿ ಕರೀ ಹೊಗೆ ದಟ್ಟವಾಯಿತೋ, ಎಂಜಿನ್ ತಿಣುಕಿತೋ, ತಕ್ಷಣ ಒಂದು ಗೇರ್ ಕೆಳಗೆ. ದೊಡ್ಡ ಗೇರಲ್ಲಿ ಗುರ್ ಅಂತ ಏರಿಸುವ ಚಟ ನಮ್ಮಲ್ಲಿ ಎಲ್ಲ ಡ್ರೈವರಿಗೂ ಇದೆ. ಅದಕ್ಕೇ ಆ ದಿನಗಳಲ್ಲಿ ಬೇರೆ ಯಾರ ಕೈಗೂ ಗಾಡಿ ಕೊಡಲಿಲ್ಲ. ಭಾವಮೈದ ಒಂದು ಸಲ ಮುನಿಸಿಕೊಂಡ, ಅದು ಬೇರೆ ವಿಷಯ.

ಗಂಟೆ ಲೆಕ್ಕ ಇಡಲು ಸತ್ತಿದ್ದ ಮೀಟರಿಗೆ ಹೊಸ ಕೇಬಲ್ ಹಾಕಿಸಿದ್ದೆ. ಹಳೇ ಟ್ರ್ಯಾಕ್ಟರಿನ ಗಂಟೆ ಮೀಟರ್ ಗಡಿಯಾರ ಅಲ್ಲ ಅಂತ ಎಷ್ಟೋ ಜನಕ್ಕೆ ಗೊತ್ತಿಲ್ಲ. ಅದು ಎಂಜಿನ್ ಎಷ್ಟು ಸುತ್ತು ತಿರುಗಿತು ಅಂತ ಎಣಿಸುತ್ತದೆ. ಕೆಲಸದ ರೇಸಿನಲ್ಲಿ ಓಡಿದರೆ ಮಾತ್ರ ಮೀಟರಿನ ಗಂಟೆಯೂ ಕೈಗಡಿಯಾರದ ಗಂಟೆಯೂ ಒಂದೇ. ಸ್ಲೋದಲ್ಲಿ ನಿಂತರೆ ಮೀಟರ್ ಆಮೆ. ಪಳಗಿಸುವ ಲೆಕ್ಕಕ್ಕೆ ಇದೇ ಸರಿ ಅನ್ನಿಸುತ್ತದೆ, ಸುಮ್ನೆ ನಿಂತ ಹೊತ್ತಿಗೆ ಎಂಜಿನ್ ಕಲಿಯುವುದೇನೂ ಇಲ್ಲವಲ್ಲ.

ಗೊಬ್ಬರ ಮುಗಿದು ಹೂಳು ಶುರುವಾಯಿತು. ಟ್ರೇಲರ್ ಮುಕ್ಕಾಲು. ಕೆರೆ ಅಂಗಳದಿಂದ ಏರಿ ಹತ್ತುವ ದಾರಿ ಕಡಿದು. ಅಲ್ಲಿ ಬಿಸಿಯ ಮುಳ್ಳು ಎಂದಿಗಿಂತ ಮೇಲೆ ಹೋಗುತ್ತಿತ್ತು. ಹೊಸ ಎಂಜಿನ್ ಸ್ವಲ್ಪ ಬಿಸಿಯಾಗಿಯೇ ಓಡುತ್ತದೆ, ಉಜ್ಜಾಟ ಇರುತ್ತದಲ್ಲ. ಆದರೆ ಇದು ಅದಕ್ಕಿಂತ ಜಾಸ್ತಿ ಅನ್ನಿಸಿತು. ಮೇಸ್ತ್ರಿಗೆ ಫೋನ್ ಮಾಡಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: "ಮುಂದಿನ ಜಾಳಿಗೆ ತೆಗೆದು ನೋಡಿದ್ಯಾ?" ತೆಗೆದರೆ ರೇಡಿಯೇಟರಿನ ಮುಖದ ತುಂಬ ಕಳೆದ ಸಲದ ಮೆಕ್ಕೆಜೋಳದ ರವದಿ, ಧೂಳು, ಡೀಸೆಲ್ ಜಿಡ್ಡು ಮೆತ್ತಿಕೊಂಡು ಗೋಡೆ ಕಟ್ಟಿತ್ತು. ಎಂಜಿನ್ ಹೊಸದಾಯಿತು, ಅದರ ಮುಂದೆ ನಿಂತ ರೇಡಿಯೇಟರನ್ನು ಯಾರೂ ಮುಟ್ಟಿರಲಿಲ್ಲ. ಫ್ಯಾನ್ ಕಡೆಯಿಂದ ಹೊರಗೆ ನೀರು ಹೊಡೆದು ತೊಳೆದ ಮೇಲೆ ಮುಳ್ಳು ತನ್ನ ಜಾಗಕ್ಕೆ ಬಂತು.

ಪ್ರತಿ ಬೆಳಿಗ್ಗೆ ಡಿಪ್‌ಸ್ಟಿಕ್ ಎಳೆದು ನೋಡುತ್ತಿದ್ದೆ. ಗಾಡಿ ಸಮತಟ್ಟು ಜಾಗದಲ್ಲಿ ನಿಂತಿರಬೇಕು, ರಾತ್ರಿಯೆಲ್ಲ ಆಯಿಲ್ ಕೆಳಗಿಳಿದಿರಬೇಕು. ಗೊಬ್ಬರ ಹೊಡೆಯುವ ಶುರುವಿನಲ್ಲಿ ಆಯಿಲ್ ಕಣ್ಣಿಗೆ ಕಾಣುವಷ್ಟು ಇಳಿಯುತ್ತಿತ್ತು. ಚಿಕ್ಕಪ್ಪ ಕಡ್ಡಿ ನೋಡಿ "ಆಯ್ತು, ದುಡ್ಡೆಲ್ಲ ಹೊಳೆಗೆ" ಎಂದರು. ರಿಂಗ್ ಕೂರುವ ತನಕ ಸ್ವಲ್ಪ ಆಯಿಲ್ ಹೋಗುವುದು ಸಹಜ. ನೋಡಬೇಕಾದದ್ದು ಎಷ್ಟು ಇಳಿಯಿತು ಅನ್ನುವುದನ್ನಲ್ಲ, ದಿನದಿಂದ ದಿನಕ್ಕೆ ಇಳಿಯುವುದು ಕಡಿಮೆ ಆಗುತ್ತಿದೆಯಾ ಅನ್ನುವುದನ್ನು. ಹೂಳಿನ ಕೆಲಸ ಅರ್ಧಕ್ಕೆ ಬರುವಷ್ಟರಲ್ಲಿ ಕಡ್ಡಿಯ ಗುರುತು ಒಂದೇ ಕಡೆ ನಿಂತಿತು. ಅದೇ ಹೊತ್ತಿಗೆ ಬ್ರೀದರಿನ ಬಾಯಿಗೆ ಅಂಗೈ ಹಿಡಿದರೆ ಮೊದಲಿನ ಹಾಗೆ ಬಿಸಿ ಗಾಳಿ ಬಡಿಯುತ್ತಿರಲಿಲ್ಲ, ಮೆಲ್ಲಗೆ ತಾಗುತ್ತಿತ್ತು. ಸೈಲೆನ್ಸರ್ ಜಾಯಿಂಟ್ ಒಣಗಿತು. ಏರಿ ಹತ್ತುವಾಗ ಗೇರ್ ಇಳಿಸುತ್ತಿದ್ದ ಜಾಗದಲ್ಲಿ ಒಂದು ದಿನ ಇಳಿಸದೇ ಹತ್ತಿತು, ತಿಣುಕದೆ.

ಆಯಿಲ್ ಕಪ್ಪಾಯಿತು ಅಂತ ಕೆಲವರು ಗಾಬರಿಯಾಗುತ್ತಾರೆ. ಡೀಸೆಲ್ ಎಂಜಿನ್ನಿನಲ್ಲಿ ಆಯಿಲ್ ಕಪ್ಪಾಗಲು ಹೆಚ್ಚು ಹೊತ್ತು ಬೇಡ. ಮಸಿ ಅದು. ಬಣ್ಣ ಏನೂ ಹೇಳುವುದಿಲ್ಲ. ಹೇಳುವುದು ಅದರೊಳಗೆ ಇರುವ ಪುಡಿ. ಮೀಟರ್ 50 ಗಂಟೆ ತೋರಿಸುವ ತನಕ ಕಾಯಲು ನನಗೆ ಆಗಲಿಲ್ಲ, ಅದಕ್ಕಿಂತ ಮೊದಲೇ ಆಯಿಲ್ ಇಳಿಸಿದೆ. ಮೊದಲ ಆಯಿಲ್ ಬೇಗ ಬದಲಿಸಿದರೆ ನಷ್ಟ ಏನಿಲ್ಲ. ಎಂಜಿನ್ ಬಿಸಿ ಇರುವಾಗಲೇ ಇಳಿಸಬೇಕು, ಆಗ ಪುಡಿ ತಳದಲ್ಲಿ ಕೂತಿರುವುದಿಲ್ಲ. ಅಗಲ ಸ್ಟೀಲ್ ತಟ್ಟೆಯಲ್ಲಿ ಹಿಡಿದು ಬಿಸಿಲಿಗೆ ಒಯ್ದೆ. ಹಳೇ ಸ್ಪೀಕರಿನ ಅಯಸ್ಕಾಂತವನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಆಯಿಲ್‌ನಲ್ಲಿ ಆಡಿಸಿದೆ. ಕವರಿನ ಮೇಲೆ ಬೂದು ಬಣ್ಣದ ನುಣ್ಣನೆ ಕೆಸರು ಅಂಟಿತು. ಬೆರಳ ನಡುವೆ ತಿಕ್ಕಿದರೆ ಕಣ ಸಿಗುವುದಿಲ್ಲ, ಬರೀ ಜಾರುತ್ತದೆ. ಇದು ರಿಂಗಿನದು, ಲೈನರಿನದು, ಬರಲೇಬೇಕಾದದ್ದು. ಆಮೇಲೆ ಫಿಲ್ಟರಿನ ಕಾಗದ ಬ್ಲೇಡಿನಿಂದ ಕತ್ತರಿಸಿ, ಮಡಿಕೆಗಳನ್ನು ಬಿಚ್ಚಿ ನೋಡಿದೆ. ಹುಡುಕುತ್ತಿದ್ದದ್ದು ಹೊಳೆಯುವ ಚಕ್ಕೆ. ತಾಮ್ರದ ಬಣ್ಣದ್ದು ಅಥವಾ ಬೆಳ್ಳಗಿನ ಮೆತ್ತನೆ ಚಕ್ಕೆ ಸಿಕ್ಕಿದರೆ ಬೇರಿಂಗ್ ಹೋಗುತ್ತಿದೆ ಅಂತ ಅರ್ಥ, ಗಾಡಿ ಅಲ್ಲೇ ನಿಲ್ಲಿಸಬೇಕು. ಸಿಗಲಿಲ್ಲ. ಕೆಂಪು ಗ್ಯಾಸ್ಕೆಟ್ ಅಂಟಿನ ಎರಡು ತುಣುಕು ಸಿಕ್ಕವು. ಮೇಸ್ತ್ರಿಯ ಹುಡುಗ ಚೇಂಬರಿಗೆ ಸ್ವಲ್ಪ ಧಾರಾಳವಾಗಿ ಬಳಿದಿದ್ದಾನೆ. ಫಿಲ್ಟರ್ ಅದನ್ನು ಹಿಡಿದಿದೆ, ಆಯಿಲ್ ದಾರಿಗೆ ಹೋಗಿದ್ದರೆ ಕಥೆ ಬೇರೆ ಇತ್ತು. ಆ ಅಂಟನ್ನು ತೆಳ್ಳಗೆ ಬಳಿಯಿರಿ ಅಂತ ಮೇಸ್ತ್ರಿಗಳಿಗೆ ಹೇಳುವವರು ಯಾರು?

ಹೊಸ ಆಯಿಲ್, ಹೊಸ ಫಿಲ್ಟರ್ ಹಾಕಿದ ದಿನವೇ ಮೇಸ್ತ್ರಿ ಬಂದು ಮತ್ತೊಮ್ಮೆ ಹೆಡ್ ಎಳೆದು ಟ್ಯಾಪೆಟ್ ನೋಡಿದರು. ಎರಡು ವಾಲ್ವಿನಲ್ಲಿ ಗ್ಯಾಪ್ ಕಡಿಮೆಯಾಗಿತ್ತು, ಹೊಸ ಸೀಟಿನಲ್ಲಿ ವಾಲ್ವ್ ಕೂತಿದೆ. ಇದನ್ನು ನೋಡದೇ ಬಿಟ್ಟರೆ ವಾಲ್ವ್ ಪೂರ್ತಿ ಮುಚ್ಚದೆ ಸುಡುತ್ತದೆ. ಎಂಜಿನ್ ಚೆನ್ನಾಗಿ ಓಡುತ್ತಿದೆ ಅಂತ ಈ ಕೆಲಸ ಬಿಡುವವರೇ ಜಾಸ್ತಿ.

ಭರಣಿ ಮಳೆ ಬಂದಾಗ ಕಲ್ಟಿವೇಟರ್ ಹೂಡಿದೆ. ಮೊದಲು ಕೆಂಪು ನೆಲದ ಹೊಲ, ಆಳ ಕಡಿಮೆ. ಎರೆ ಹೊಲಕ್ಕೆ ಪಲ್ಟಿ ಹಾಕಿದ್ದು ಅದೆಲ್ಲ ಮುಗಿದ ಮೇಲೆ. ಆಗಲೂ ಮೊದಲ ಸಾಲುಗಳಲ್ಲಿ ಕಿವಿ ಎಂಜಿನ್ ಕಡೆಗೇ ಇತ್ತು. ರೇಸ್ ಬೀಳಲಿಲ್ಲ. ಹೊಗೆ ತೆಳುವಾಗಿ ಬಂದು ಹೋಯಿತು. ಸಂಜೆ ಆಫ್ ಮಾಡುವ ಮೊದಲು ಮಾತ್ರ ಸ್ವಲ್ಪ ಹೊತ್ತು ಸ್ಲೋದಲ್ಲಿ ಬಿಟ್ಟೆ, ಭಾರಕ್ಕೆ ಕಾದ ಎಂಜಿನ್ ಒಂದೇ ಸಲ ನಿಲ್ಲಬಾರದು. ಸ್ಲೋ ಬೇಕಾಗುವುದು ಅಷ್ಟಕ್ಕೇ.

ಚಿಕ್ಕಪ್ಪ ಈಗ ಕಡ್ಡಿ ಎಳೆದು ನೋಡುವುದು ಬಿಟ್ಟಿದ್ದಾರೆ. ಬದಲಿಗೆ ಗಾಡಿಯ ಕೆಳಗೆ ಬಗ್ಗಿ ಕ್ರ್ಯಾಂಕಿನ ಹಿಂದಿನ ಸೀಲಿನ ಹತ್ತಿರ ಬೀಳುವ ಹನಿ ತೋರಿಸುತ್ತಾರೆ. ಅದು ಹಳೇ ನಮೂನೆಯ ಹಗ್ಗದ ಸೀಲು, ಕೂತುಕೊಳ್ಳಲು ಅದಕ್ಕೂ ಟೈಮ್ ಬೇಕು ಎಂದಿದ್ದಾರೆ ಮೇಸ್ತ್ರಿ. ಕೂರದಿದ್ದರೆ ಕ್ಲಚ್ ಪ್ಲೇಟ್ ಹಾಕಿಸಲು ಗಾಡಿ ನಡುವೆ ಬಿಚ್ಚಿದಾಗ ಬದಲಿಸುವುದು ಅಂತ ಮಾತಾಗಿದೆ.